ನೆಲ ಡೊಂಕು, ಚುಕ್ಕಿ ಕೆಂಪು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಅವಳು ಅಷ್ಟಂದು ಸುಮ್ಮನಾದಳು. ನಾನು ನೆಲವನ್ನೇ ಅಗೆದು ಹೊಸ ಕಲ್ಲು ಹಾಸಲು ಹೊರಟವನು.

ನನ್ನ ಏರ್ ಪಿಸ್ತೂಲಿನ ಪೆಲೆಟ್‌ಗಳು, ಅಂದರೆ ಪುಟ್ಟ ಗುಂಡುಗಳು, 10 ಮೀಟರ್ ದೂರದ ಟಾರ್ಗೆಟ್ ಕಾರ್ಡಿನ ಮೇಲೆ ಮನಸ್ಸಿಗೆ ಬಂದಲ್ಲಿ ಕೂರುತ್ತಿದ್ದವು. ನಟ್ಟನಡುವೆ ಹತ್ತು ಅಂಕದ ವೃತ್ತ, ಅಗಲ 11.5 ಮಿಲಿಮೀಟರ್. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ತೂತು. ಕೈ ನಡುಗುತ್ತಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಸೈಟ್ ಸರಿಯಿಲ್ಲ ಅನ್ನುವುದು ಮರ್ಯಾದೆಗೆ ಒಳ್ಳೆಯದು. ಹಾಗಾಗಿ ಕೆಂಪು ಚುಕ್ಕಿ ತೋರಿಸುವ ಒಂದು ರೆಡ್ ಡಾಟ್ ಸೈಟ್, ಅದನ್ನು ಕೂರಿಸಲು ಬೇರೆ ಕಂಪನಿಯ ಒಂದು ಮೌಂಟ್ ತರಿಸಿದೆ.

"ಇದರ ಕೆಂಪು ಚುಕ್ಕಿ ಗೋಡೆ ಮೇಲೆ ಬೀಳುತ್ತಾ?" ಅಂದಳು ಹೆಂಡತಿ.

"ಅದು ಲೇಸರ್ ಕಣೇ. ಇದರೊಳಗೆ ಪುಟ್ಟ ಎಲ್‌ಇಡಿ ಇರುತ್ತೆ. ಅದರ ಬೆಳಕು ಮುಂದಿನ ಗಾಜಿಗೆ ಬಡಿದು ವಾಪಸ್ ನನ್ನ ಕಣ್ಣಿಗೇ ಬರುತ್ತೆ. ಗೋಡೆ ಮೇಲೆ ಏನೂ ಬೀಳಲ್ಲ."

"ಅಂದ್ರೆ ನಿಮ್ಮೊಬ್ರಿಗೇ ಕಾಣೋ ಚುಕ್ಕಿ."

"ಹೌದು."

ಅವಳು ಮುಂದೇನೂ ಅನ್ನಲಿಲ್ಲ. ಅನ್ನಬಹುದಿತ್ತು.

ಪಿಸ್ತೂಲು ಖಾಲಿ ಇದೆಯೇ ಎಂದು ಎರಡೆರಡು ಸಲ ನೋಡಿ, ಪೆಲೆಟ್ ಡಬ್ಬಿಯನ್ನು ಪಕ್ಕದ ಕೋಣೆಯಲ್ಲಿಟ್ಟು ಕೂತೆ. ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ್ದು ಇದೊಂದೇ. ನನ್ನ ಪಿಸ್ತೂಲಿನ ನೆತ್ತಿಯ ಮೇಲಿರುವುದು 11 ಮಿಲಿಮೀಟರಿನ ಡವ್‌ಟೇಲ್, ಅಂದರೆ ಮೌಂಟ್ ಕಚ್ಚಿಕೊಳ್ಳುವ ಹಳಿ. ನಾನು ತರಿಸಿದ ಮೌಂಟು 21 ಮಿಲಿಮೀಟರ್ ಅಗಲದ ಪಿಕಟಿನ್ನಿ ರೈಲ್ ಎಂಬ ಬೇರೆ ಜಾತಿಯ ಹಳಿಯದು. ಅಪ್ಪನ ಚಪ್ಪಲಿಯಲ್ಲಿ ಮಗು ಕಾಲಿಟ್ಟಂತೆ ಅದು ಅತ್ತಿತ್ತ ಜಾರಾಡಿತು. ಸರಿ, ಹನ್ನೊಂದನ್ನು ಇಪ್ಪತ್ತೊಂದು ಮಾಡುವ ಅಡಾಪ್ಟರೂ ಬಂತು. ಪಿಸ್ತೂಲಿನ ಮೇಲೆ ಅಡಾಪ್ಟರ್, ಅದರ ಮೇಲೆ ಮೌಂಟ್, ಅದರ ಮೇಲೆ ಸೈಟ್. ಮೂರಂತಸ್ತಿನ ಕಟ್ಟಡ. ಚುಕ್ಕಿ ನಳಿಗೆಗಿಂತ ಐದು ಸೆಂಟಿಮೀಟರ್ ಮೇಲೆ ಕೂತಿತು.

ಸ್ಕ್ರೂ ಸಡಿಲವಾಗದಿರಲಿ ಎಂದು ಥ್ರೆಡ್‌ಲಾಕರ್ ಎಂಬ ಅಂಟು ಹಚ್ಚುತ್ತಾರೆ. ನೀಲಿಯದು ಬೇಕೆಂದಾಗ ಮಾಮೂಲಿ ಕೀಗೆ ಬಿಟ್ಟುಕೊಡುತ್ತದೆ. ಕೆಂಪಿನದು 250 ಡಿಗ್ರಿಯಷ್ಟು ಕಾಯಿಸದೆ ಜಗ್ಗುವುದಿಲ್ಲ. ಇದು ನನಗೆ ಈಗ ಗೊತ್ತು. ಆವತ್ತು, ಚುಕ್ಕಿ ಕೆಂಪು, ಅಂಟೂ ಕೆಂಪೇ ಇರಲಿ ಎಂದು ಧಾರಾಳವಾಗಿ ಹಚ್ಚಿದೆ. ಶಿಸ್ತಾಗಿ 24 ಗಂಟೆ ಒಣಗಲು ಬಿಟ್ಟೆ. ಮರುದಿನ ಪಿಸ್ತೂಲು ಎತ್ತಿ ಕಣ್ಣಿಟ್ಟು ನೋಡಿದರೆ ಚುಕ್ಕಿಯೇ ಇಲ್ಲ! ಬ್ಯಾಟರಿ ಬದಲಿಸಿದೆ. ಇಲ್ಲ. ಸ್ವಿಚ್ಚು ಒತ್ತಿ ಒತ್ತಿ ಹೆಬ್ಬೆರಳು ನೋಯಿತು. ಇಲ್ಲ. ಕೊನೆಗೆ ಅಕಸ್ಮಾತ್ ನಳಿಗೆಯ ಕಡೆಯಿಂದ ಇಣುಕಿದಾಗ ಚುಕ್ಕಿ ಹಲ್ಲು ಕಿಸಿಯಿತು. ಸೈಟನ್ನು ಹಿಂದುಮುಂದಾಗಿ ಕೂರಿಸಿದ್ದೆ.

ಬಿಚ್ಚಬೇಕು. ಸ್ಕ್ರೂವಿನ ತಲೆಯಲ್ಲಿ ಕೀ ಕೂರುವ ಆರು ಮೂಲೆಯ ಗುಂಡಿ 2.5 ಮಿಲಿಮೀಟರಿನದು. ಕೈಗೆ ಸಿಕ್ಕ ಆಲನ್ ಕೀ ಇಂಚಿನ ಸೆಟ್ಟಿನದು, 3/32 ಇಂಚು, ಅಂದರೆ 2.38 ಮಿಲಿಮೀಟರ್. ಒಳಗೆ ಹೋಗುತ್ತದೆ, ಕೂತಂತೆಯೂ ಅನಿಸುತ್ತದೆ. ಪೂರಾ ತಪ್ಪು ಕೀ ಒಳಗೇ ಹೋಗುವುದಿಲ್ಲ, ಅದರಿಂದ ಯಾವ ಅಪಾಯವೂ ಇಲ್ಲ. ಮನೆ ಹಾಳು ಮಾಡುವುದು ಈ ಅರೆಬರೆ ಹೊಂದುವ ಕೀಗಳೇ. ಬಲ ಹಾಕಿ ತಿರುಗಿಸಿದೆ. "ಟಕ್" ಅಂತ ಶಬ್ದ. ಸ್ಕ್ರೂ ಬಿಚ್ಚಿತು ಎಂದು ಹಿಗ್ಗಿದೆ. ತಿರುಗಿದ್ದು ಕೀ ಮಾತ್ರ. ಆರು ಮೂಲೆಯ ಗುಂಡಿ ಸವೆದು ಮಗುವಿನ ಹೊಕ್ಕುಳಿನಷ್ಟು ದುಂಡಗಾಗಿತ್ತು.

ಮುಂದಿನದು ಶಸ್ತ್ರಚಿಕಿತ್ಸೆ. ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಒತ್ತಿ ಹಿಡಿದು, ಕಾದ ಮೇಲೆ ಒಂದಳತೆ ದೊಡ್ಡದಾದ ನಕ್ಷತ್ರದಾಕಾರದ ಬಿಟ್ ಬಡಿದಿಳಿಸಿ ತಿರುಗಿಸಿದೆ. ಬಂತು. ಕಿವಿ ಹಿಂಡಿದರೆ ಬರುವ ಮಗುವಿನಂತೆ, ಕಿರುಗುಡುತ್ತಾ.

ಶೂಟಿಂಗ್ ರೇಂಜಿನಲ್ಲಿ ಮೊದಲ ಐದೂ ಗುಂಡು ಆರು ಸೆಂಟಿಮೀಟರ್ ಕೆಳಗೆ ಬಿದ್ದವು. ಮೂರಂತಸ್ತು ಕಟ್ಟಿದ ಫಲ. ಲೆಕ್ಕ ನನಗೆ ಬರುತ್ತಿತ್ತು: ಸೈಟ್ ಸರಿಹೊಂದಿಸುವ ತಿರುಪಿನ ಒಂದು ಕ್ಲಿಕ್ ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು, 10 ಮೀಟರಿಗೆ ಸುಮಾರು 2.9 ಮಿಲಿಮೀಟರ್, ಇಪ್ಪತ್ತು ಕ್ಲಿಕ್ ಸಾಕು. ತಿರುಗಿಸಿದೆ. ಮುಂದಿನ ಗುಂಡು ಎಲ್ಲಿಗೆ ಹೋಯಿತೋ ಕಾಣಲೇ ಇಲ್ಲ. ತಿರುಪಿನ ಬಳಿಯ ಬಾಣದ ಗುರುತು ಹೇಳುತ್ತಿದ್ದುದು ಗುಂಡು ಯಾವ ಕಡೆ ಸರಿಯುತ್ತದೆ ಎಂದು. ನಾನು ಅದನ್ನು ಚುಕ್ಕಿ ಸರಿಯುವ ದಿಕ್ಕು ಎಂದುಕೊಂಡು ಉಲ್ಟಾ ತಿರುಗಿಸಿದ್ದೆ. ಆರು ಹೋಗಿ ಹನ್ನೆರಡಾಗಿತ್ತು. ಕಾರ್ಡು ಇರುವುದೇ 17 ಸೆಂಟಿಮೀಟರ್ ಚೌಕ.

ಎಲ್ಲ ಸರಿಯಾದ ಮೇಲೆ ಚುಕ್ಕಿಯನ್ನು ನೋಡಿದೆ. ಬೆಲ್ಲಕ್ಕೆ ಮುತ್ತಿದ ನೊಣದಂತೆ ಅದು ಕಪ್ಪು ವೃತ್ತದ ತುಂಬ ಅಲೆದಾಡುತ್ತಿತ್ತು. ಹಳೆಯ ಸೈಟಿನಲ್ಲಿ ಇಷ್ಟು ನಡುಕ ಕಂಡಿರಲಿಲ್ಲ.

"ಸರ್, ಇದು ಅಲ್ಲಾಡ್ತಾ ಇದೆ. ಮೌಂಟ್ ಲೂಸ್ ಇರಬೇಕು" ಅಂದೆ ಕೋಚ್‌ಗೆ.

ಅವರು ಪಿಸ್ತೂಲನ್ನು ಇಸಿದುಕೊಂಡು ಗುರಿ ಹಿಡಿದು ನೋಡಿದರು. "ಇಲ್ಲಪ್ಪ, ನನ್ನ ಕೈಲಿ ನಿಂತೇ ಇದೆ" ಅಂದು ವಾಪಸ್ ಕೊಟ್ಟರು. ಹೋಗುತ್ತಾ ತಿರುಗಿ, "ಅಂದಹಾಗೆ, ಸ್ಪರ್ಧೆಗೆ ಇದನ್ನ ತರಬೇಡಿ. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್ಎಸ್ಎಫ್ ನಿಯಮದಲ್ಲಿ 10 ಮೀಟರ್ ಏರ್ ಪಿಸ್ತೂಲಿಗೆ ಗಾಜು, ಬ್ಯಾಟರಿ ಇಲ್ಲದ ಓಪನ್ ಸೈಟ್ ಮಾತ್ರ" ಅಂದರು.

ಕಳೆದ ವಾರ ಪಕ್ಕದ ಲೇನಿನ ಗೆಳೆಯರೊಬ್ಬರು ತಮ್ಮ ಪಿಸ್ತೂಲಿನ ಸೈಟ್ ಸರಿಯಿಲ್ಲ ಎಂದು ಪೇಚಾಡುತ್ತಿದ್ದರು. ತುಂಬು ಸಹಾನುಭೂತಿಯಿಂದ ಕೇಳಿಸಿಕೊಂಡೆ. ಸೈಟ್, ಮೌಂಟ್, ಅಡಾಪ್ಟರ್, ಉಳಿದರ್ಧ ಕೆಂಪು ಅಂಟು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಅರ್ಧ ಬೆಲೆಗೆ ದಾಟಿಸಿದೆ. 3/32ರ ಆಲನ್ ಕೀ ಮಾತ್ರ ಕೊಡಲಿಲ್ಲ. ಅಷ್ಟು ಪಾಪ ಕಟ್ಟಿಕೊಳ್ಳಲು ಮನಸ್ಸು ಬರಲಿಲ್ಲ.