ಹಿಂದೆ ಬೀಳುವವರನ್ನು ಮುಂದೆ ಬಿಡಿ

"ಓದಕ್ಕೆ ಹೋಗಿದೀಯೋ, ಸುತ್ತಕ್ಕೆ ಹೋಗಿದೀಯೋ ಪುಟ್ಟಿ?"

ಜರ್ಮನಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದ ಎರಡು ವರ್ಷವೂ ಅಮ್ಮ ಭಾನುವಾರದ ಫೋನಿನಲ್ಲಿ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಇದು. "ಎರಡಕ್ಕೂ ಅಮ್ಮ" ಅನ್ನುತ್ತಿದ್ದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಅಕ್ಟೋಬರ್ ಬಂದರೆ ಅಲ್ಲಿ ಚಳಿಗಾಲದ ಸೆಮಿಸ್ಟರ್ ಶುರು. ನಮ್ಮ ಕಡೆಯ ಎಷ್ಟೋ ಮಕ್ಕಳು ಈ ಹೊತ್ತಿಗೆ ಸೂಟ್‌ಕೇಸ್ ತೂಕ ನೋಡಿಕೊಂಡು, ಚಟ್ನಿಪುಡಿಗೆ ಎಷ್ಟು ಜಾಗ ಉಳಿಯುತ್ತೆ ಅಂತ ಲೆಕ್ಕ ಹಾಕುತ್ತಿರುತ್ತಾರೆ. ನನ್ನ ಚಿಕ್ಕಪ್ಪನ ಮಗಳೂ ಈ ಸಲ ಹೊರಟಿದ್ದಾಳೆ. ಮೊನ್ನೆ ಮನೆಗೆ ಬಂದವಳು, "ಅಕ್ಕ, ಅಲ್ಲಿ ಫ್ರೆಂಡ್ಸ್ ಜೊತೆ ಟ್ರಿಪ್ ಎಲ್ಲಾ ಹೋಗಬಹುದಾ? ದುಡ್ಡು ಸಾಲುತ್ತಾ?" ಅಂತ ಕೇಳಿದಳು. ದುಡ್ಡಿನ ಮಾತು ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಇನ್ನೊಂದು ವಿಷಯ ಹೇಳುತ್ತಾ ಹೇಳುತ್ತಾ ರಾತ್ರಿ ಹನ್ನೊಂದಾಯಿತು. ಆ ಇನ್ನೊಂದು ವಿಷಯಕ್ಕಾಗಿಯೇ ಈ ಬರಹ.

ಮೊದಲು ದುಡ್ಡು. ನಾನು ಮ್ಯೂನಿಕ್‌ಗೆ ಹೋಗಿದ್ದು 2021ರಲ್ಲಿ. ವೀಸಾಗೆ ಅಂತ ಮೊದಲೇ ದುಡ್ಡು ತುಂಬಿಡುವ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಕೈಗೆ ಸಿಗುತ್ತಿದ್ದದ್ದು 861 ಯೂರೋ. ಬಾಡಿಗೆ, ಇನ್ಶೂರೆನ್ಸ್, ಊಟ ಎಲ್ಲಾ ಅದರಲ್ಲೇ. ಪ್ಯಾರಿಸ್, ರೋಮ್ ಅಂತ ಹಾರಾಡುವ ಹಾಗಿರಲಿಲ್ಲ. ಆದರೆ 2022ರ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿನ ಸರ್ಕಾರ 9 ಯೂರೋ ಟಿಕೆಟ್ ಕೊಟ್ಟಿತು. ತಿಂಗಳಿಗೆ 9 ಯೂರೋ ಕೊಟ್ಟರೆ ಸಾಕು, ಇಡೀ ದೇಶದ ಸಿಟಿ ಬಸ್ಸು, ಟ್ರಾಮ್, ಪ್ಯಾಸೆಂಜರ್ ರೈಲು ಎಲ್ಲದರಲ್ಲೂ ಓಡಾಡಬಹುದಿತ್ತು. ಎಕ್ಸ್‌ಪ್ರೆಸ್ ಗಾಡಿ ಮಾತ್ರ ಹತ್ತುವ ಹಾಗಿಲ್ಲ. ಆ ಮೂರು ತಿಂಗಳು ನಮ್ಮ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಅದು ಮುಗಿದ ಮೇಲೆ ಬವೇರಿಯಾ ರಾಜ್ಯದ ಡೇ ಟಿಕೆಟ್ ಹಿಡಿದೆವು. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ಸುತ್ತಬಹುದು, ಜನ ಜಾಸ್ತಿಯಾದಷ್ಟೂ ತಲೆಗೆ ಬೀಳುವ ಪಾಲು ಕಮ್ಮಿ. ಈಗ ಹೋಗುವವರಿಗೆ 9 ಯೂರೋ ಟಿಕೆಟ್ಟಿನ ಹಾಗೇ ಇಡೀ ದೇಶಕ್ಕೆ ಆಗುವ ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ, 2025ಕ್ಕೆ 58 ಆಯಿತು, 2026ಕ್ಕೆ 63. ವಿದ್ಯಾರ್ಥಿಗಳಿಗೆ ಅದಕ್ಕಿಂತ ಕಮ್ಮಿಗೆ ಕೊಡಿಸುವ ಯೂನಿವರ್ಸಿಟಿಗಳು ಬಹಳ ಇವೆ. ಸೇರಿದ ತಕ್ಷಣ ವಿಚಾರಿಸಿ.

ನಮ್ಮನ್ನು ಐದು ಜನರ ಗುಂಪು ಮಾಡಿದ್ದು ಆ ಡೇ ಟಿಕೆಟ್ಟೇ. ನಾನು, ಧಾರವಾಡದ ಹುಡುಗ, ವಿಯೆಟ್ನಾಂ ಹುಡುಗಿ, ಮೆಕ್ಸಿಕೋದ ಹುಡುಗ. ಐದನೆಯವರು ಯಾರಾದರೂ ಬರುತ್ತೀರಾ ಅಂತ ಹಾಸ್ಟೆಲ್ಲಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದೆ. ಮಧುರೈ ಕಡೆಯ ಒಬ್ಬಳು, "ನಾನು ಬರಲಾ? ಆದರೆ ನಾನು ಸ್ವಲ್ಪ ನಿಧಾನ" ಅಂತ ಬರೆದಳು. ಸ್ಕೂಲಿನಲ್ಲಿ ಕಬಡ್ಡಿ ಆಡುವಾಗ ಅವಳ ಮಂಡಿಗೆ ಪೆಟ್ಟಾಗಿತ್ತಂತೆ. ನಾನು ಆ "ಬರಲಾ"ಗೆ ಉತ್ತರ ಕೊಟ್ಟೆ. "ಆದರೆ" ಅನ್ನೋದನ್ನು ಸರಿಯಾಗಿ ಓದಲೇ ಇಲ್ಲ.

ಪ್ಲಾನ್ ಎಲ್ಲಾ ನನ್ನದು. ಟಿಕೆಟ್ ನನ್ನ ಫೋನಿನಲ್ಲಿ, ಮ್ಯಾಪ್ ನನ್ನ ಫೋನಿನಲ್ಲಿ. ಹಾಗಾಗಿ ಎಲ್ಲಿ ಹೋದರೂ ಮುಂದೆ ನಾನೇ.

ಸೆಪ್ಟೆಂಬರ್‌ನ ಒಂದು ಶನಿವಾರ ಟೇಗರ್ನ್‌ಸೇಗೆ ಹೊರಟೆವು. ಜರ್ಮನ್ ಭಾಷೆಯಲ್ಲಿ ಸೇ ಅಂದರೆ ಸರೋವರ. ಮ್ಯೂನಿಕ್‌ನಿಂದ ಸುಮಾರು ಒಂದು ಗಂಟೆ ದಾರಿ. ಆ ಕಡೆಯ ಗಾಡಿ ಮ್ಯೂನಿಕ್‌ನಲ್ಲಿ ಒಂದೇ ಆಗಿ ಹೊರಡುತ್ತದೆ. ಹೋಲ್ಟ್ಸ್‌ಕಿರ್ಶೆನ್ ಅನ್ನುವ ಸ್ಟೇಷನ್ನಿನಲ್ಲಿ ಕೊಂಡಿ ಕಳಚಿ ಒಂದು ಭಾಗ ಬೈರಿಶ್‌ತ್ಸೆಲ್ ಕಡೆ ಹೋಗುತ್ತದೆ. ಉಳಿದದ್ದು ಮುಂದೆ ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ಒಡೆದು ಒಂದು ಟೇಗರ್ನ್‌ಸೇಗೆ, ಇನ್ನೊಂದು ಲೆಂಗ್ರೀಸ್‌ಗೆ. ಯಾವ ಬೋಗಿಯಲ್ಲಿ ಕೂತಿದ್ದೀರೋ ಅದರ ಊರಿಗೇ ನೀವು ಹೋಗೋದು. ಇದು ನನಗೆ ಗೊತ್ತಿತ್ತು. ಆದರೆ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ನನ್ನ ಹಿಂದೆಯೇ ಬರುತ್ತಾರಲ್ಲ, ಹೇಳೋದೇನಿದೆ ಅಂದುಕೊಂಡಿದ್ದೆ.

ಗಾಡಿ ಹೊರಡಲು ಎರಡು ನಿಮಿಷ ಇತ್ತು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದೆವು. ಮಧುರೈ ಹುಡುಗಿಗೆ ಓಡಲು ಆಗಲಿಲ್ಲ. ಅವಳನ್ನು ಬಿಟ್ಟು ಬರಲು ಮನಸ್ಸಾಗದೆ ಧಾರವಾಡದವನು ಅವಳ ಜೊತೆ ಹತ್ತಿರದ ಬಾಗಿಲಲ್ಲೇ ಹತ್ತಿಕೊಂಡ. ಒಳಗಿಂದ ನಡೆದು ಬರುತ್ತಾರೆ ಅಂತ ನಾವು ಕೂತೆವು. ಆದರೆ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಒಳಗಿಂದ ದಾರಿ ಇರಲಿಲ್ಲ.

ಹೋಲ್ಟ್ಸ್‌ಕಿರ್ಶೆನ್ ದಾಟಿದ ಮೇಲೆ ಫೋನ್ ಬಂತು. "ಗಾಡಿ ಹರದು ಎರಡಾಗೇತಿ. ನಾವು ಬ್ಯಾರೆ ಕಡಿ ಹೊಂಟೀವಿ. ಟಿಕೆಟ್ ನಿನ್ ಕಡಿ ಐತಿ. ಈಗ ಏನ್ ಮಾಡೂಣು?"

ಐವರ ಹೆಸರೂ ಒಂದೇ ಟಿಕೆಟ್ಟಿನಲ್ಲಿ. ಆ ಟಿಕೆಟ್ ಇಲ್ಲಿದ್ದ ಮೇಲೆ ಅಲ್ಲಿರುವ ಇಬ್ಬರೂ ಟಿಕೆಟ್ ಇಲ್ಲದವರೇ. ಸಿಕ್ಕಿಬಿದ್ದರೆ ತಲೆಗೆ 60 ಯೂರೋ ದಂಡ. ಅವರು ಮೀಸ್‌ಬಾಖ್‌ನಲ್ಲಿ ಇಳಿದು, ಮಷೀನಿನಲ್ಲಿ ಹೊಸ ಟಿಕೆಟ್ ತೆಗೆದು ವಾಪಸ್ ಬಂದರು. ನಾವು ಶಾಫ್ಟ್‌ಲಾಖ್‌ನಲ್ಲಿ ಇಳಿದು ವಾಪಸ್ ಹೋದೆವು. ಎರಡು ಗಂಟೆ ಹೋಯಿತು. ಯಾರೂ ನನ್ನನ್ನು ಬೈಯಲಿಲ್ಲ. ಆ ಹೊಸ ಟಿಕೆಟ್ ದುಡ್ಡನ್ನು ಖರ್ಚು ಹಂಚಿಕೊಳ್ಳುವ ಸ್ಪ್ಲಿಟ್‌ವೈಸ್ ಆ್ಯಪ್‌ನಲ್ಲಿ ಐದು ಪಾಲು ಮಾಡಿದರು. ನಾನೊಬ್ಬಳೇ ಕೊಡಬೇಕಾಗಿದ್ದ ದುಡ್ಡು ಅದು.

ಪ್ರೈಮರಿ ಶಾಲೆಯಲ್ಲಿ ನಮ್ಮನ್ನು ಬೇಲೂರು ಹಳೇಬೀಡಿಗೆ ಟೂರ್ ಕರೆದುಕೊಂಡು ಹೋಗಿದ್ದರು. ಬಸ್ಸು ಹತ್ತುವಾಗಲೆಲ್ಲ ಮೇಷ್ಟ್ರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದರು. ನಡೆಯುವಾಗ ಸಾಲಿನ ಕೊನೆಯಲ್ಲಿ ಇರುತ್ತಿದ್ದರು. ಎಲ್ಲಾ ಗೊತ್ತಿದ್ದವರು ಅವರೊಬ್ಬರೇ, ಆದರೂ ಅವರು ಮುಂದೆ ನಡೆದದ್ದು ನನಗೆ ನೆನಪಿಲ್ಲ. ಹಾಗೆ ಯಾಕೆ ಅಂತ ನನಗೆ ಅರ್ಥವಾಗಲು ಇನ್ನೂ ಒಂದು ಟ್ರಿಪ್ ಬೇಕಾಯಿತು.

ಅಕ್ಟೋಬರ್ ಮೊದಲ ಭಾನುವಾರ ಕ್ಯೋನಿಗ್ಸ್‌ಸೇಗೆ ಹೋದೆವು. ಆಸ್ಟ್ರಿಯಾ ಗಡಿಯ ಮೂಲೆಯಲ್ಲಿ, ಬೆರ್ಚ್‌ಟೆಸ್‌ಗಾಡೆನ್ ಊರಿನ ಹತ್ತಿರ. ಬೆಳಗಿನ ಮೊದಲ ಗಾಡಿಗಳಲ್ಲೇ ಹೊರಟು, ಗಾಡಿ ಬದಲಾಯಿಸಿ, ಬಸ್ಸು ಹಿಡಿದು ಹೋಗಬೇಕು. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತವೆ, ಬುತ್ತಿ ಕಟ್ಟಿಕೊಂಡೇ ಹೋಗಬೇಕು. ನಾನು ಪುಳಿಯೋಗರೆ ಕಲಸಿದ್ದೆ. ಮೆಕ್ಸಿಕೋದವನು ಟೋರ್ಟಿಯಾ ತಂದಿದ್ದ. ಧಾರವಾಡದವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಮೇಲೆ ಶೇಂಗಾ ಚಟ್ನಿ ಉದುರಿಸಿ, ಒಂದು ಹನಿ ಎಣ್ಣೆ ಬಿಟ್ಟು, ಸುರುಳಿ ಸುತ್ತಿ ವಾಪಸ್ ಅವನಿಗೇ ಕೊಟ್ಟ. ಆ ಹುಡುಗ ಒಂದು ತುತ್ತು ತಿಂದು, ಇನ್ನೊಂದು ಮಾಡಿಕೊಡು ಅಂತ ಕೈ ಚಾಚಿದ. ಇಂಥದ್ದು ದೊಡ್ಡ ದೊಡ್ಡ ಪ್ಯಾಕೇಜ್ ಟೂರಿನಲ್ಲಿ ಸಿಗಲ್ಲ.

ಕ್ಯೋನಿಗ್ಸ್‌ಸೇ ಎರಡು ಬೆಟ್ಟದ ಗೋಡೆಗಳ ನಡುವೆ ಸಿಕ್ಕಿಕೊಂಡ ಹಾಗಿರುವ ಉದ್ದನೆಯ ಸರೋವರ. ಆಳ 190 ಮೀಟರ್. 1909ರಿಂದ ಅಲ್ಲಿ ಓಡುವುದು ಬ್ಯಾಟರಿ ದೋಣಿಗಳೇ, ಹೊಗೆಯಿಲ್ಲ, ಸದ್ದಿಲ್ಲ. ನಡುವೆ ಒಂದು ಕಡೆ ದೋಣಿ ನಿಲ್ಲಿಸಿ, ದೋಣಿಯವರೊಬ್ಬರು ಬಾಗಿಲಲ್ಲಿ ನಿಂತು ತುತ್ತೂರಿ ಊದಿದರು. ಎರಡು ಸಾಲು ಊದಿ ನಿಲ್ಲಿಸಿದರೆ ಎದುರಿನ ಬಂಡೆ ಆ ಎರಡು ಸಾಲನ್ನು ಹಾಗೇ ತಿರುಗಿ ನುಡಿಯಿತು. ದೋಣಿಯಲ್ಲಿದ್ದ ಪುಟ್ಟ ಮಕ್ಕಳೂ ಉಸಿರು ಬಿಗಿಹಿಡಿದು ಕೂತಿದ್ದರು. ನನಗೆ ಸುಮ್ನೆ ಕಣ್ಣು ತುಂಬಿತು.

ಕೊನೆಯ ನಿಲ್ದಾಣ ಸಾಲೆಟ್. ಅಲ್ಲಿಂದ ಕಾಲು ಗಂಟೆ ನಡೆದರೆ ಓಬರ್‌ಸೇ ಅನ್ನುವ ಇನ್ನೊಂದು ಸಣ್ಣ ಸರೋವರ. ಅದನ್ನು ಬಳಸಿಕೊಂಡು ಹೋದರೆ ದನ ಮೇಯಿಸುವವರ ಮರದ ಮನೆ, ಅದರಾಚೆ ರ್ಯೋಟ್‌ಬಾಖ್ ಜಲಪಾತ. ಸುಮಾರು 470 ಮೀಟರ್, ಜರ್ಮನಿಗೇ ಎತ್ತರದ್ದು. ನಮ್ಮ ಜೋಗ 253 ಮೀಟರ್ ಅಲ್ವಾ, ಅದನ್ನು ನೋಡಿ ಬೆಳೆದ ನನಗೆ ಇದನ್ನು ನೋಡಲೇಬೇಕು ಅಂತ ಹಟ ಹತ್ತಿತ್ತು.

ಒಂದು ಮಾತು ಗಮನಿಸಿ. ಸಾಲೆಟ್‌ನಿಂದ ದೋಣಿಕಟ್ಟೆಯ ಊರಿಗೆ ದಡದ ಮೇಲೆ ನಡೆದು ಬರುವ ದಾರಿಯೇ ಇಲ್ಲ. ಬೇಸಿಗೆ ಮುಗಿದ ಮೇಲೆ ಅಲ್ಲಿನ ದನಗಳನ್ನೂ ದೋಣಿಯಲ್ಲೇ ಸಾಗಿಸುತ್ತಾರೆ. ಕೊನೆಯ ದೋಣಿ ತಪ್ಪಿದರೆ ಬೆಟ್ಟ ಹತ್ತಿ ಇಳಿಯಬೇಕು, ಅದೂ ಕತ್ತಲಲ್ಲಿ. ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ.

ಓಬರ್‌ಸೇ ಪಕ್ಕದ ದಾರಿ ಬಂಡೆಗೆ ಅಂಟಿಕೊಂಡು ಏರಿ ಇಳಿಯುತ್ತದೆ. ಮಧುರೈ ಹುಡುಗಿ ಎರಡು ಸಲ ಕೂತಳು. ಮೂರನೇ ಸಲ, "ನೀವು ಹೋಗಿ, ನಾನು ಮೆಲ್ಲಗೆ ಬರ್ತೀನಿ" ಅಂದಳು. ನಾವು ಹೋದೆವು. ಹೋಗುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ನಿಜ ಹೇಳಬೇಕೆಂದರೆ, ಸದ್ಯ, ಇನ್ನು ಬೇಗ ಬೇಗ ನಡೆಯಬಹುದು ಅನ್ನೋದೇ.

ಜಲಪಾತ ನೋಡಿ ತಿರುಗಿ ಬಂದರೆ ಅವಳಿಲ್ಲ. ಕೂತಿದ್ದ ಬಂಡೆಯ ಹತ್ತಿರ ಇಲ್ಲ, ಮರದ ಮನೆ ಹತ್ತಿರ ಇಲ್ಲ. ಹೆಸರು ಹಿಡಿದು ಕೂಗಿದೆವು. ನೀರಿನ ಅಂಚಿನಲ್ಲಿ ಇಣುಕಿ ಇಣುಕಿ ನೋಡಿದೆವು. ಹಾಗೆ ಇಣುಕುವಾಗ ಹೊಟ್ಟೆಯಲ್ಲಿ ಆದ ಸಂಕಟ ಈಗಲೂ ನೆನಪಿದೆ. ಅವಳ ಅಮ್ಮನ ನಂಬರ್ ನಮ್ಮ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಎದುರು ಬಂದ ವಯಸ್ಸಾದ ದಂಪತಿ, ಹಳದಿ ಜಾಕೆಟ್ಟಿನ ಹುಡುಗಿ ಕುಂಟುತ್ತಾ ದೋಣಿ ಕಡೆ ಹೋಗಿದ್ದನ್ನು ನೋಡಿದೆವು ಅಂದರು. ಓಡಿದೆವು.

ಕೊನೆಯ ದೋಣಿಗೆ ಜನ ಹತ್ತುತ್ತಿದ್ದರು. ಅವಳು ಸಾಲಿನಲ್ಲಿ ಇರಲಿಲ್ಲ. ಪಕ್ಕದಲ್ಲಿ ಕಂಬ ಹಿಡಿದು ದಾರಿ ಕಡೆ ಮುಖ ಮಾಡಿ ನಿಂತಿದ್ದಳು. ಮಂಡಿ ಊದಿಕೊಂಡಿದ್ದರಿಂದ ಅರ್ಧಕ್ಕೇ ವಾಪಸ್ ಬಂದಿದ್ದಳು. ನಮಗೆ ಹೇಳೋಣ ಅಂದರೆ ಸಿಗ್ನಲ್ ಇಲ್ಲ. ಆಗಿನಿಂದ ಎರಡು ದೋಣಿ ಬಂದು ಹೋದವು, ಅವಳು ಹತ್ತಿರಲಿಲ್ಲ. ನಮ್ಮನ್ನು ಬಿಟ್ಟು ಹೇಗೆ ಹೋಗಲಿ ಅಂತ ನಿಂತಿದ್ದಳು. ನಾನು ಕೈ ಹಿಡಿದಾಗ ಅವಳ ಅಂಗೈ ಮಂಜುಗಡ್ಡೆಯಾಗಿತ್ತು. ಅವಳು ಕೇಳಿದ್ದು ಒಂದೇ: "ಎಲ್ಲರೂ ಬಂದ್ರಾ?"

ನಾನು ಬಿಟ್ಟು ಹೋಗಿದ್ದೆ, ಅವಳು ಬಿಟ್ಟು ಹೋಗಿರಲಿಲ್ಲ. ಆವತ್ತು ರಾತ್ರಿ ರೈಲಿನಲ್ಲಿ ಇದನ್ನು ಅವಳಿಗೆ ಹೇಳಿ ಕ್ಷಮೆ ಕೇಳಿದೆ.

ಈ ಕಥೆ ಹೇಳಿದಾಗ ಕೆಲವರು, "ನಡೆಯಕ್ಕಾಗದವರು ಯಾಕೆ ಬರಬೇಕಿತ್ತು?" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಟಿಕೆಟ್ ಅಗ್ಗವಾಗಲಿ ಅಂತ ಐದನೆಯವರು ಬೇಕು, ದಾರಿಯಲ್ಲಿ ಬೇಡ ಅಂದರೆ ಏನರ್ಥ? ಪರದೇಶದಲ್ಲಿ ನಮಗೆ ಅಣ್ಣತಮ್ಮ, ಅಕ್ಕತಂಗಿ ಅಂತ ಇರೋದು ಜೊತೆಗೆ ಬಂದವರೇ. ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವರೂ ಅವರೇ. ಅಂಥವರಲ್ಲಿ ಒಬ್ಬರನ್ನು ಬಂಡೆ ಮೇಲೆ ಕೂರಿಸಿ ಹೋಗಿ ನೋಡುವ ಜಲಪಾತ ಎಷ್ಟು ಎತ್ತರವಿದ್ದರೇನು?

ಫೋಟೋ ಹುಚ್ಚಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅದೇ ಕ್ಯೋನಿಗ್ಸ್‌ಸೇ ಮೇಲಿನ ಬೆಟ್ಟದಲ್ಲಿ ಜಲಪಾತದ ತುದಿಯಲ್ಲಿ ಒಂದು ನೀರಿನ ಗುಂಡಿ ಇದೆ. ಇನ್‌ಸ್ಟಾಗ್ರಾಂ ನೋಡಿ ಜನ ಮುಗಿಬಿದ್ದರು. 2019ರಲ್ಲಿ ಇಬ್ಬರು ಯುವಕರು ಅಲ್ಲಿ ಮುಳುಗಿ ತೀರಿಕೊಂಡರು. 2021ರಲ್ಲಿ ಆ ಜಾಗವನ್ನು ಐದು ವರ್ಷಕ್ಕೆ ಮುಚ್ಚಿದರು, ಕಾಲಿಟ್ಟರೆ 25 ಸಾವಿರ ಯೂರೋವರೆಗೆ ದಂಡ ಅಂದರು. ನಮ್ಮಲ್ಲೂ ಒಬ್ಬರಿಗೆ ಅಲ್ಲಿಗೆ ಹೋಗುವ ಆಸೆಯಿತ್ತು. ಬೇಡ ಅಂದಿದ್ದು ಮಧುರೈ ಹುಡುಗಿಯೇ. ಗುಂಪಿನಲ್ಲಿ ನಿಧಾನ ಇರುವವರು ಕಾಲಷ್ಟೇ ಅಲ್ಲ, ಯೋಚನೆಯನ್ನೂ ನಿಲ್ಲಿಸಿ ನಿಲ್ಲಿಸಿ ಮಾಡುತ್ತಾರೆ. ಅದು ಗುಂಪಿಗೆ ಬೇಕು.

ಅದಕ್ಕೇ ತಂಗಿಗೆ ಹೇಳಿದೆ: ಹೋಗು, ಚೆನ್ನಾಗಿ ಸುತ್ತು. ಆದರೆ ನಿಧಾನ ಇರುವವರನ್ನು ಮುಂದೆ ಬಿಡು, ದಾರಿ ಗೊತ್ತಿರುವ ನೀನು ಹಿಂದೆ ನಡಿ. ಟಿಕೆಟ್ ಎಲ್ಲರ ಫೋನಿನಲ್ಲೂ ಇರಲಿ. ಕೊನೆಯ ದೋಣಿ, ಕೊನೆಯ ಗಾಡಿ ಎಷ್ಟಕ್ಕೆ ಅಂತ ಐವರಿಗೂ ಬಾಯಿಪಾಠ ಆಗಲಿ. ಪ್ರತಿಯೊಬ್ಬರ ಮನೆಯವರ ನಂಬರ್ ಇನ್ನೊಬ್ಬರ ಹತ್ತಿರ ಇರಲಿ. 112 ತುರ್ತು ನಂಬರ್, ಅದನ್ನೂ ಬರೆದುಕೋ. "ನೀವು ಹೋಗಿ ನಾನು ಬರ್ತೀನಿ" ಅಂತ ಯಾರಾದರೂ ಅಂದರೆ, ಅವರ ಪಕ್ಕ ಹೋಗಿ ಕೂತುಕೋ.

2023ರ ಫೆಬ್ರವರಿಯಲ್ಲಿ ಗಾರ್ಮಿಶ್ ಹತ್ತಿರದ ಪಾರ್ಟ್‌ನಾಖ್ ಕಣಿವೆಗೆ ಅದೇ ಐದು ಜನ ಹೋದೆವು. ಸುಮಾರು 700 ಮೀಟರ್ ಉದ್ದಕ್ಕೆ ಬಂಡೆ ಕೊರೆದು ಮಾಡಿದ ಸಣ್ಣ ದಾರಿ, ಒಂದು ಪಕ್ಕ ಭೋರ್ಗರೆಯುವ ಹೊಳೆ, ತಲೆ ಮೇಲೆ ಹಿಮದ ಜಡೆಗಳು. ಮಧುರೈ ಹುಡುಗಿ ಎಲ್ಲರಿಗಿಂತ ಮುಂದೆ, ನಾನು ಕೊನೆಗೆ. ಅವಳು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು, ಅವಳು ನಿಂತಾಗ ನಾವೂ ನಿಂತೆವು. ಒಂದು ಕಡೆ ಅವಳು ಬೆರಳು ಎತ್ತಿ ತೋರಿಸಿದಳು. ಹಿಮದ ಜಡೆಯೊಂದರ ಒಳಗೆ ನೀರು ಇನ್ನೂ ಹರಿಯುತ್ತಿತ್ತು, ಗಾಜಿನ ಕೊಳವೆಯಲ್ಲಿ ಹರಿದ ಹಾಗೆ. ನಾನು ಮುಂದೆ ಇದ್ದಿದ್ದರೆ ಅದನ್ನು ದಾಟಿ ಹೋಗಿಬಿಡುತ್ತಿದ್ದೆ.

ಆ ದಿನದ ಫೋಟೋ ಅಮ್ಮನಿಗೆ ಕಳಿಸಿದೆ. ಭಾನುವಾರ ಫೋನ್ ಮಾಡಿದಾಗ ಅಮ್ಮ ಓದಿನ ಮಾತು ಎತ್ತಲಿಲ್ಲ. "ಮುಂದೆ ನಿಂತಿದಾಳಲ್ಲ, ಆ ಹುಡುಗಿ ಯಾರೇ?" ಅಂತ ಕೇಳಿದಳು.