ಸಿ ಸಿಕ್ಸ್-ನೈನ್ ಮತ್ತು ಒಂದು ‘ಆಯ್ತಾ?’

ಮನೆಯಲ್ಲಿ ರೆಕಾರ್ಡ್ ಮಾಡಿದ ಜಾಝ್ ಗಿಟಾರಿನ ಫೈಲು, ಉದ್ದ 3 ನಿಮಿಷ 52 ಸೆಕೆಂಡು. ಅದರಲ್ಲಿ 3 ನಿಮಿಷ 41 ಸೆಕೆಂಡಿನವರೆಗೆ ಬೊಟ್ಟು ಮಾಡಿ ತೋರಿಸುವಂಥ ತಪ್ಪೇನೂ ಇಲ್ಲ. ಕೋಗಿಲೆ ಇಲ್ಲ, ಕುಕ್ಕರ್ ಇಲ್ಲ, ಮೀನಿನವನ ಸ್ಕೂಟರಿನ ಹಾರ್ನ್ ಇಲ್ಲ. ತಂತಿಯ ಮೇಲೆ ಬೆರಳು ‘ಕ್ವೀಂಯ್’ ಎಂದದ್ದು ಒಂದೇ ಕಡೆ, ಅದನ್ನು ಮಾಫಿ ಮಾಡಬಹುದು. ಕೊನೆಯ ಕಾರ್ಡ್, ಎಂದರೆ ಒಟ್ಟಿಗೆ ಬಾರಿಸುವ ಸ್ವರಗಳ ಗುಚ್ಛ, ಬಿದ್ದಿದೆ, ಐದು ತಂತಿಗಳೂ ಒಟ್ಟಿಗೆ ಎದ್ದಿವೆ, ನಾದ ಮೆಲ್ಲಗೆ ಕರಗುತ್ತಿದೆ. ಒಂದು, ಎರಡು, ಮೂರು, ನಾಲ್ಕನೇ ಸೆಕೆಂಡು. ಹಿಂದಿನಿಂದ ಒಂದು ಧ್ವನಿ: “ಆಯ್ತಾ?”

ಕತ್ತರಿಸಿದರೆ ಮುಗಿಯಿತಲ್ಲ ಎನ್ನುವವರು ಒಮ್ಮೆ ಕತ್ತರಿಸಿ ನೋಡಬೇಕು. ಗಂಡಸಿನ ಮಾತಿನ ತಳ ಸುಮಾರು 100ರಿಂದ 150 ಹರ್ಟ್ಸಿನಲ್ಲಿ (ಸೆಕೆಂಡಿಗೆ ಅಷ್ಟು ಕಂಪನ) ಇರುತ್ತದೆ, ಅದರ ಮೇಲಿನ ಸ್ವರಾಂಶಗಳೆಲ್ಲ ಗಿಟಾರಿನ ನಡುತಂತಿಗಳ ಜಾಗದಲ್ಲೇ ಬಂದು ಕೂರುತ್ತವೆ. ತಗ್ಗು-ಎತ್ತರದ ನಾದಗಳನ್ನು ಬೇರೆ ಬೇರೆ ಏರಿಸಿ ಇಳಿಸುವ ಈಕ್ವಲೈಜರ್ ಹಿಡಿದು ಮಾತನ್ನು ಕೆರೆಯಲು ಹೋದರೆ ಗಿಟಾರಿನ ಚರ್ಮವೂ ಒಟ್ಟಿಗೆ ಏಳುತ್ತದೆ. ಮೂರನೇ ಸೆಕೆಂಡಿಗೇ ಫೇಡ್ ಮಾಡಿದರೆ ಯಾರೋ ಬಾಗಿಲು ಹಾಕಿಕೊಂಡು ಹೋದ ಹಾಗೆ ಕೇಳುತ್ತದೆ. ಒಳ್ಳೆಯ ಗಿಟಾರಿನಲ್ಲಿ ಕೊನೆಯ ಕಾರ್ಡ್ ಸಾಯಲಿಕ್ಕೆ ಎಂಟು ಸೆಕೆಂಡಾದರೂ ಬೇಕು. ಆ ಎಂಟು ಸೆಕೆಂಡು ಸುಮ್ಮನಿರುವ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕಷ್ಟೆ.

ಆ ಧ್ವನಿ ಮನೆಯ ಮಾವನದ್ದು, ಅವರ ಮೇಲೆ ಸಿಟ್ಟು ಮಾಡುವ ಹಾಗೂ ಇಲ್ಲ. ರೆಕಾರ್ಡಿಂಗ್ ಎಂದರೆ ಅವರಷ್ಟು ಶ್ರದ್ಧೆ ಇರುವವರು ಬೇರೆ ಯಾರೂ ಇಲ್ಲ. ಮೊದಲು ಫ್ಯಾನ್ ಆಫ್ ಮಾಡುವುದು ಅವರೇ. “ಶ್! ರೆಕಾರ್ಡ್ ಆಗ್ತಾ ಉಂಟು!” ಎಂದು ಅಡುಗೆಮನೆಯವರನ್ನು ಸುಮ್ಮನಿರಿಸುವುದೂ ಅವರೇ, ಅಡುಗೆಮನೆಯಿಂದ ಏನೂ ಕೇಳಿಸುತ್ತಿರಲಿಲ್ಲ ಎಂಬುದು ಬೇರೆ ವಿಷಯ. ಇನ್ನೊಂದು ಫೈಲಿನ ಹಿನ್ನೆಲೆಯಲ್ಲಿ ಅವರು ಗೇಟಿನ ಹತ್ತಿರ ನಿಂತು ಹೇಳುವುದು ಸ್ಪಷ್ಟವಾಗಿ ಬಂದಿದೆ: “ಹಾರ್ನ್ ಹಾಕಬೇಡ ಮಾರಾಯ, ಒಳಗೆ ರೆಕಾರ್ಡಿಂಗ್ ಉಂಟು. ಬಂಗುಡೆಗೆ ಎಷ್ಟು?”

ಸಮಸ್ಯೆಯ ಅರ್ಧ ಮಾವನದ್ದು, ಅರ್ಧ ಜಾಝಿನದ್ದು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಮಂಗಳ ಹಾಡಿದರೆ ಎಲ್ಲರಿಗೂ ಗೊತ್ತು, ಮುಗಿಯಿತು, ಚಪ್ಪಲಿ ಹುಡುಕಬಹುದು. ಚೆಂಡೆಯ ಮುಕ್ತಾಯ ಬಿದ್ದರೆ ನಿದ್ದೆಯಲ್ಲಿದ್ದವನಿಗೂ ಗೊತ್ತು. ಜಾಝಿನವರು ಮಾತ್ರ ಡಿ ಮೈನರ್ ನೈನ್, ಜಿ ಥರ್ಟೀನ್ ಎಂಬ ಕಾರ್ಡುಗಳ ಮೆಟ್ಟಿಲು ಇಳಿದು ಬಂದು, ಕೊನೆಯ ಮೆಟ್ಟಿಲಿನಲ್ಲಿ ಕಾಲು ಗಾಳಿಯಲ್ಲಿ ಹಿಡಿದು ನಿಲ್ಲುತ್ತಾರೆ. ಆ ಕೊನೆಯ ಕಾರ್ಡ್ ಸಿ ಸಿಕ್ಸ್-ನೈನ್, ಎಂದರೆ ಸಿ, ಇ, ಎ, ಡಿ, ಜಿ. ಸಿಯನ್ನು ಷಡ್ಜ ಮಾಡಿಕೊಂಡರೆ ಸ, ಗ, ದ, ರಿ, ಪ. ಮೋಹನ ರಾಗದ ಐದೂ ಸ್ವರಗಳನ್ನು ಒಂದೇ ಏಟಿಗೆ ಬಾರಿಸಿ ಕೈ ಬಿಟ್ಟ ಹಾಗೆ. ಚಂದ ಇದೆ, ಆದರೆ ಮುಗಿದ ಹಾಗೆ ಇಲ್ಲ. ಹಾಗಾಗಿ “ಆಯ್ತಾ?” ಎಂಬುದು ಸಂಗೀತದ ದೃಷ್ಟಿಯಿಂದ ನ್ಯಾಯವಾದ ಪ್ರಶ್ನೆಯೇ. ಬೇಡಪ್ಪ ಎಂದು ಕೊನೆಗೆ ಬರೀ ಸಿ ಮೇಜರ್ ಹಾಕಿದರೆ ಇನ್ನೊಂದು ಸಂಕಟ. ಆಗ ಅವರಿಗೆ ಸಂಶಯವೇ ಇರುವುದಿಲ್ಲ. ಎರಡನೇ ಸೆಕೆಂಡಿಗೇ ತೃಪ್ತಿಯಿಂದ “ಹಾಂ, ಆಯ್ತು” ಎನ್ನುತ್ತಾರೆ.

ಮೊದಲೇ ಹೇಳಿಡುವ ಕ್ರಮವೂ ಉಂಟು. “ಮಾವ, ನಾನು ಕೈ ಎತ್ತುವವರೆಗೆ ಮಾತಾಡಬಾರದು.” ಅದಕ್ಕೆ ಅವರು ಹೇಳುವುದು: “ಇಲ್ಲ ಇಲ್ಲ, ನಾನು ಮಾತಾಡುವುದೇ ಇಲ್ಲ, ಆಯ್ತಾ?” ಮಂಗಳೂರಿನಲ್ಲಿ ‘ಆಯ್ತಾ’ ಎಂಬುದು ಪ್ರಶ್ನೆಯೂ ಹೌದು, ಪೂರ್ಣವಿರಾಮವೂ ಹೌದು. ಬೇರೆ ಊರಿನವರು ವಾಕ್ಯದ ಕೊನೆಗೆ ಚುಕ್ಕೆ ಇಡುವಲ್ಲಿ ನಾವು ಇದನ್ನು ಇಡುತ್ತೇವೆ. ಹಾಡಿನ ಕೊನೆಗೂ ಇಡುತ್ತೇವೆ ಎಂದು ತಿಳಿಯಲಿಕ್ಕೆ ರೆಕಾರ್ಡರ್ ಬರಬೇಕಾಯಿತು.

ಈ ರೆಕಾರ್ಡರ್ ಎಂಬುದು ಅಂಗೈಯಷ್ಟು ದೊಡ್ಡ ಸಾಮಾನು. ಝೂಮ್ ಎಚ್1ಎನ್ ಇದ್ದರೆ ಮೇಲೆ ಎರಡು ಮೈಕುಗಳು 90 ಡಿಗ್ರಿಯಲ್ಲಿ ಅಡ್ಡಡ್ಡ ಕೂತಿರುತ್ತವೆ, ಎರಡು ಸಣ್ಣ ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತದೆ. ಇದರ ಮೈಕುಗಳಿಗೆ ಮುಂದಿನದು ಹೆಚ್ಚು, ಹಿಂದಿನದು ಕಡಿಮೆ ಕೇಳುತ್ತದೆ. ಟಾಸ್ಕ್ಯಾಮ್ ಡಿಆರ್-05ರ ಮೈಕುಗಳಿಗೆ ಆ ಭೇದ ಇಲ್ಲ, ಸುತ್ತಲಿನದ್ದೆಲ್ಲ ಒಂದೇ ಹಾಗೆ. ಒಂಟಿ ಮನೆ, ಸುತ್ತ ಅಡಿಕೆ ತೋಟ ಇದ್ದರೆ ಅದು ಬಹಳ ಸಹಜವಾಗಿ ಕೇಳುತ್ತದೆ. ಮಾವ ಇರುವ ಮನೆಗೆ ಮೊದಲನೆಯದೇ ಸರಿ. ಅವರ ಕುರ್ಚಿಯನ್ನು ರೆಕಾರ್ಡರಿನ ಬೆನ್ನ ಹಿಂದೆ ಹಾಕಿದರೆ ಆಯ್ತಾ ಸ್ವಲ್ಪ ತಗ್ಗುತ್ತದೆ. ಒಂದೇ ತೊಂದರೆ, ಅಲ್ಲಿ ಕೂತವರಿಗೆ ಪರದೆ ಕಾಣುತ್ತದೆ. ನಡು ಹಾಡಿನಲ್ಲಿ, “ಇದು ಮೈನಸ್ ಹನ್ನೆರಡು ಅಂತ ಎಂತದು?”

ಮೈನಸ್ ಹನ್ನೆರಡು ಎಂದರೆ ಅದೇ ಬೇಕಾದ್ದು. ಹಾಡಿನಲ್ಲಿ ಅತಿ ಜೋರಾಗಿ ಬರುವ ಕಾರ್ಡನ್ನು ಮೊದಲು ಬಾರಿಸಿ, ಮುಳ್ಳು ಮೈನಸ್ 12 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ದಾಟದ ಹಾಗೆ ಗುಂಡಿ ತಿರುಗಿಸಿ ಇಟ್ಟುಬಿಡಬೇಕು. 24 ಬಿಟ್ ಎಂಬ ಸೂಕ್ಷ್ಮ ಅಳತೆಯಲ್ಲಿ ರೆಕಾರ್ಡ್ ಮಾಡಿದರೆ ಕಡಿಮೆ ಆದದ್ದನ್ನು ಆಮೇಲೆ ಎತ್ತಬಹುದು, ಸೊನ್ನೆ ಎಂಬ ಮೇಲಿನ ಮಿತಿ ದಾಟಿ ಒಡೆದು ಹೋದದ್ದನ್ನು ದೇವರೂ ಜೋಡಿಸುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್ ಫೈಲಿಗೆ ನಿಮಿಷಕ್ಕೆ ಸುಮಾರು 17 ಎಂಬಿ ಹೋಗುತ್ತದೆ. 32 ಜಿಬಿ ಮೆಮೊರಿ ಕಾರ್ಡಿನಲ್ಲಿ 30 ಗಂಟೆಯಷ್ಟು ಹಿಡಿಯುತ್ತದೆ, ಆದ ಕಾರಣ ಜಾಗ ಉಳಿಸಲು ಎಂಪಿ3 ಮಾಡುವ ಜಿಪುಣತನ ಬೇಡ.

ಆಟೋ ಲೆವೆಲ್ ಎಂಬ ಸೌಕರ್ಯ ಉಂಟಲ್ಲ, ಅದನ್ನು ಮೊದಲು ಆಫ್ ಮಾಡಿ. ಅದು ಯಂತ್ರದೊಳಗೆ ಕೂತ ಇನ್ನೊಬ್ಬ ಮಾವ. ಕಾರ್ಡ್ ಕರಗುತ್ತಿದ್ದ ಹಾಗೆ “ಪಾಪ, ಸಣ್ಣ ಆಯಿತು” ಎಂದು ತಾನಾಗಿ ಏರಿಸುತ್ತಾ ಹೋಗುತ್ತದೆ. ಗಿಟಾರ್ ಇಳಿಯುತ್ತದೆ, ಪಕ್ಕದ ಮನೆಯ ಪಂಪು, ಜೀರುಂಡೆ, ಗೋಡೆ ಗಡಿಯಾರ ಒಂದೊಂದಾಗಿ ಏಳುತ್ತವೆ. ಅಷ್ಟರಲ್ಲಿ ಬರುವ ಆಯ್ತಾ ಇಡೀ ಹಾಡಿನಲ್ಲೇ ಅತಿ ಜೋರಾದ ಸದ್ದಾಗಿ ದಾಖಲಾಗುತ್ತದೆ.

ಮೈಕು ಇಡುವ ಜಾಗದ ಬಗ್ಗೆ ಎಲ್ಲರೂ ಮಾಡುವ ತಪ್ಪು ಒಂದೇ: ನಾದ ಗಿಟಾರಿನ ತೂತಿನಿಂದ ಬರುತ್ತದೆಂದು ತೂತಿನ ಎದುರು ಹಿಡಿಯುವುದು. ಅಲ್ಲಿಂದ ಬರುವುದು ಪೆಟ್ಟಿಗೆಯೊಳಗಿನ ಗಾಳಿಯ ಗುಮ್ಮು, ಸುಮಾರು 100 ಹರ್ಟ್ಸಿನ ಹತ್ತಿರದ್ದು. ಹಂಡೆಗೆ ಬಡಿದ ಹಾಗೆ ಕೇಳುತ್ತದೆ. ಕುತ್ತಿಗೆಯೂ ಪೆಟ್ಟಿಗೆಯೂ ಸೇರುವ ಜಾಗಕ್ಕೆ, 12ರಿಂದ 14ನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ನೇರಕ್ಕೆ, 30ರಿಂದ 40 ಸೆಂಟಿಮೀಟರ್ ದೂರದಲ್ಲಿ ಇಡಿ. ಎಫ್ ಆಕಾರದ ತೂತುಗಳಿರುವ ಆರ್ಚ್‌ಟಾಪ್ ಗಿಟಾರಾದರೆ ತಂತಿಗಳನ್ನು ಹೊರುವ ಬ್ರಿಡ್ಜಿನ ಕಡೆಗೆ ಸ್ವಲ್ಪ ಸರಿಸಿ ನೋಡಬೇಕು. ದೂರ ಇಮ್ಮಡಿಯಾದರೆ ಗಿಟಾರ್ 6 ಡೆಸಿಬೆಲ್ಲಿನಷ್ಟು ಇಳಿಯುತ್ತದೆ, ಫ್ರಿಜ್ಜಿನ ಗುರುಗುರು ಇದ್ದಷ್ಟೇ ಇರುತ್ತದೆ. ಹೆಬ್ಬೆರಳಿನಲ್ಲಿ ಮೆಲ್ಲಗೆ ಬಾರಿಸುವವರು ಒಂದು ಮೀಟರ್ ದೂರ ಕೂತರೆ ರೆಕಾರ್ಡರಿನ ಒಳಗಿನ ಸೀ ಎನ್ನುವ ಸದ್ದೇ ಮುಂದೆ ಬರುತ್ತದೆ. ಹಾಗೆಂದು 15 ಸೆಂಟಿಮೀಟರಿಗಿಂತ ಹತ್ತಿರ ತಂದರೆ ಬೇಸ್ (ತಗ್ಗಿನ ನಾದ) ಉಬ್ಬುತ್ತದೆ, ನಿಮ್ಮ ಮೂಗಿನ ಉಸಿರೂ ಬ್ಯಾಂಡಿಗೆ ಸೇರಿಕೊಳ್ಳುತ್ತದೆ. ತಗ್ಗಿನ ಸದ್ದನ್ನು ಕತ್ತರಿಸುವ ಲೋ-ಕಟ್ ಇದ್ದರೆ 80 ಹರ್ಟ್ಸಿಗೆ ಇಡಿ. ಕೆಳಗಿನ ಇ ತಂತಿ 82ಕ್ಕೆ ಶುರುವಾಗುವುದರಿಂದ ಅದಕ್ಕಿಂತ ಮೇಲೆ ಏರಿಸಿದರೆ ಗಿಟಾರಿನ ಕಾಲು ಕಡಿದ ಹಾಗೆ. ರೆಕಾರ್ಡರನ್ನು ಟ್ರೈಪಾಡಿನಲ್ಲಿ ನಿಲ್ಲಿಸಿ, ಅಡಿಗೆ ಮಡಚಿದ ಬೈರಾಸು (ಟವೆಲ್) ಹಾಕಿ. ಬರೀ ಮೇಜಿನ ಮೇಲೆ ಇಟ್ಟರೆ ಕಾಲಿನ ತಾಳವೆಲ್ಲ ಧಡ್ ಧಡ್ ಎಂದು ಒಳಗೆ ಹೋಗುತ್ತದೆ. ಅಂಗಿಯ ಗುಂಡಿ ಗಿಟಾರಿನ ಬೆನ್ನಿಗೆ ತಾಗಿ ಟಿಕ್ ಟಿಕ್ ಎನ್ನುವುದು ಗಂಟೆಗಟ್ಟಲೆ ಹುಡುಕಿದರೂ ಸಿಗದ ರೋಗ. ಬನಿಯನ್ನು, ಲುಂಗಿ ಸಾಕು, ಕೇಳುವವರಿಗೆ ಕಾಣುವುದಿಲ್ಲವಲ್ಲ.

ಫ್ರಿಜ್ ಆಫ್ ಮಾಡಿದರೆ ಸ್ಕೂಟರಿನ ಕೀಯನ್ನು ಅದರೊಳಗೇ ಇಡಬೇಕು. ಇಲ್ಲದಿದ್ದರೆ ಮರುದಿನ ಅಂಜಲ್ ಮೀನು ನೆನಪು ಮಾಡುತ್ತದೆ. ಫ್ಯಾನಿನದ್ದು ಮಾತ್ರ ಯಾರೂ ಬಿಡಿಸಲಾಗದ ಒಗಟು. ಆನ್ ಇದ್ದರೆ ಮೈಕಿಗೆ ಗಾಳಿ ಬಡಿಯುತ್ತದೆ, ಆಫ್ ಇದ್ದರೆ ಏಪ್ರಿಲಿನಲ್ಲಿ ನಾಲ್ಕನೇ ನಿಮಿಷಕ್ಕೆ ಬೆರಳು ಬೆವರಿ ತಂತಿಯಿಂದ ಜಾರುತ್ತದೆ. ನಿಧಾನದ ಬ್ಯಾಲಡ್ ಐದು ನಿಮಿಷ ತೆಗೆದುಕೊಳ್ಳುತ್ತದೆ. ಕರಾವಳಿಯಲ್ಲಿ ಬ್ಯಾಲಡ್‌ಗಳೆಲ್ಲ ಸ್ವಲ್ಪ ಅವಸರದಲ್ಲಿ ಇರುವುದಕ್ಕೆ ಬೇರೆ ಕಾರಣ ಹುಡುಕಬೇಡಿ.

ಇನ್ನು ಕೋಣೆ. ಈಗಿನ ಮನೆಗಳ ಹತ್ತಡಿ ಹತ್ತಡಿ ಕಾಂಕ್ರೀಟ್ ಕೋಣೆ ರೆಕಾರ್ಡಿಂಗಿಗೆ ಶತ್ರು. ನಡುವೆ ನಿಂತು ಒಂದು ಚಪ್ಪಾಳೆ ಹೊಡೆದರೆ ಗೋಡೆಯಿಂದ ಗೋಡೆಗೆ ಟ್ರ್‌ರ್ ಎಂದು ಓಡಾಡುತ್ತದೆ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 57 ಹರ್ಟ್ಸ್, ಅದರ ಇಮ್ಮಡಿ 114ರ ನಾದಗಳು ಕಟ್ಟಿ ನಿಲ್ಲುತ್ತವೆ. ಎ ತಂತಿ 110. ಆ ತಂತಿ ಮುಟ್ಟಿದಾಗಲೆಲ್ಲ ಕೋಣೆಯೂ ಒಟ್ಟಿಗೆ ಹೂಂಗುಟ್ಟುತ್ತದೆ. ನಟ್ಟನಡುವೆ ಕೂರಬೇಡಿ, ಒಂದು ಗೋಡೆಯಿಂದ ಮೂರಡಿಗೆ ಬನ್ನಿ. ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿ, ಎದುರಿನ ಕಪಾಟಿನ ಬಾಗಿಲು ತೆರೆದಿಡಿ. ತುಂಬಿದ ಸೀರೆಗಳಷ್ಟು ಒಳ್ಳೆಯ ಹೀರುಗೋಡೆ ಇಲ್ಲ. ಒಂದೆರಡು ಸೀರೆ ಹೆಚ್ಚು ಬೇಕೆನ್ನುವವರಿಗೂ ಇದೊಂದು ಆಧಾರ.

ಹಳೆಯ ಹಂಚಿನ ಮನೆಯ ಚಾವಡಿಯಲ್ಲಿ ಇದ್ಯಾವುದೂ ಬೇಕಾಗಿರಲಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಗಿಟಾರಿನ ಯೋಚನೆ ಅವರಿಗೆ ಇದ್ದಿರಲಾರದು. ಆದರೆ ಇಳಿಜಾರು ಮಾಡು, ಮರದ ಮುಚ್ಚಿಗೆ, ಒಂದಕ್ಕೊಂದು ಸಮಾನಾಂತರವಲ್ಲದ ಮೇಲ್ಮೈಗಳು, ಹಂಚಿನ ಸಂದಿನಿಂದ ಹೊರಗೆ ನುಸುಳಿಹೋಗುವ ಬೇಸು: ಎಲ್ಲ ಸೇರಿ ಅಲ್ಲಿ ಒಂದು ತಂತಿ ಮೀಟಿದರೆ ಸಾಕು, ನಾದ ಅವಸರ ಇಲ್ಲದೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ಒಳಗಿನದು ಹೊರಗೆ ಹೋಗುವ ಸಂದಿನಿಂದಲೇ ಹೊರಗಿನದು ಒಳಗೆ ಬರುತ್ತಿತ್ತು, ಅದು ನಿಜ. ಆದರೆ ಆಗ ಹೊರಗೆ ಇದ್ದದ್ದು ಅಡಿಕೆಗರಿಯ ಸದ್ದು. ಈಗ ಆ ಜಾಗದಲ್ಲಿ ಏಳು ಮಹಡಿ ಎದ್ದಿದೆ, ಲಿಫ್ಟು ಇದೆ, ಲಿಫ್ಟಿನ ಬಾಗಿಲು ಮುಚ್ಚದಿದ್ದರೆ ಒಂದು ಹೆಂಗಸು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾ ಇರುತ್ತಾಳೆ. ಆಕೆಯೂ ಎರಡು ಫೈಲಿನಲ್ಲಿದ್ದಾಳೆ.

ಕಾಲವನ್ನೂ ನೋಡಬೇಕು. ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಯಕ್ಷಗಾನದ ಆಟ, ಭೂತಕೋಲ, ಜಾತ್ರೆ. ಮೈಕಿಲ್ಲದೆ ಯಾವುದೂ ನಡೆಯುವುದಿಲ್ಲ. ಜೂನ್ ಮೊದಲ ವಾರ ಮಳೆ. ನಡುವೆ ಸಿಗುವುದು ಹತ್ತೋ ಹನ್ನೆರಡೋ ದಿನ, ಆ ದಿನಗಳಲ್ಲಿ ಇಡೀ ಕೇರಿಯವರು ಹಲಸಿನ ಹಪ್ಪಳಕ್ಕೆ ಸೊಳೆ ಕಡೆಯುತ್ತಾರೆ. ಮಳೆಗಾಲದಲ್ಲಿ ಗಿಟಾರೇ ಮುನಿಯುತ್ತದೆ. ಅದಕ್ಕೆ ಬೇಕಾದ ತೇವಾಂಶ ನೂರಕ್ಕೆ 45ರಿಂದ 55. ನಮ್ಮಲ್ಲಿ ಜುಲೈಯಲ್ಲಿ 90ರ ಹತ್ತಿರ. ಮರ ತೇವ ಹೀರಿ ಉಬ್ಬುತ್ತದೆ, ಶ್ರುತಿ ಏರುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೆ ಏಳುತ್ತದೆ. ಅಮೆರಿಕದ ಕೌಂಟ್ ಬೇಸಿಯ ಜಾಝ್ ತಂಡದಲ್ಲಿ 1937ರಿಂದ ತೀರಿಕೊಂಡ 1987ರವರೆಗೆ ಗಿಟಾರ್ ಬಾರಿಸಿದ ಫ್ರೆಡ್ಡಿ ಗ್ರೀನ್, ಆಂಪ್ಲಿಫೈಯರ್ ಇಲ್ಲದೆ ಇಡೀ ತಂಡದ ನಡುವೆ ಕೇಳಬೇಕೆಂದು ತಂತಿಗಳನ್ನು ಬೇಕೆಂದೇ ಎತ್ತರಕ್ಕೆ ಇಟ್ಟುಕೊಂಡಿದ್ದರು. ನಮಗೆ ಅದನ್ನು ಜುಲೈ ತಿಂಗಳು ಧರ್ಮಕ್ಕೆ ಮಾಡಿಕೊಡುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಹಾಕಿ, ನೀಲಿ ಮಣಿ ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುವುದರಿಂದ ಬಾರಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸದೆ ಇಡಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಆಯ್ತಾ ಇದ್ದೇ ಇರುತ್ತದೆ. ಅದಕ್ಕೆ ಒಂದೇ ಮದ್ದು: ಹಾಡು ಮುಗಿದ ಕೂಡಲೇ, ಕೂತ ಭಂಗಿ ಬದಲಿಸದೆ, ಗುಂಡಿ ಮುಟ್ಟದೆ, ಕೊನೆಯ ನಾಲ್ಕು ಬಾರ್ (ತಾಳದ ಸುತ್ತು) ಮಾತ್ರ ಮತ್ತೆ ಮೂರು ಸಲ ಬಾರಿಸಿಡುವುದು. ಸಂಜೆಗೆ ಮಾಡುತ್ತೇನೆಂದರೆ ಆಗದು, ಅಷ್ಟರಲ್ಲಿ ಶ್ರುತಿ ಕೂದಲೆಳೆಯಷ್ಟು ಸರಿದಿರುತ್ತದೆ. ಆಮೇಲೆ 30 ಸೆಕೆಂಡು ಖಾಲಿ ಕೋಣೆಯ ಸದ್ದು. ಜೋಡಿಸುವಾಗ ಕಾರ್ಡಿನ ಏಟು ಬೀಳುವ ಜಾಗದಲ್ಲೇ ಜೋಡಿಸಬೇಕು, ಏಟಿನ ಸದ್ದಿನಲ್ಲಿ ಹೊಲಿಗೆ ಮುಚ್ಚಿಹೋಗುತ್ತದೆ. ಕರಗುವ ಬಾಲದಲ್ಲಿ ಜೋಡಿಸಿದರೆ ಕಿವುಡನಿಗೂ ಗೊತ್ತಾಗುತ್ತದೆ. ಆ ಖಾಲಿ ಸದ್ದನ್ನು ಮಾದರಿಗೆ ಕೊಟ್ಟು ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಸದ್ದು ತಗ್ಗಿಸುವುದು) ಮಾಡಬಹುದು, 6ರಿಂದ 9 ಡೆಸಿಬೆಲ್ ಸಾಕು. ಆಸೆಗೆ ಬಿದ್ದು 20 ಮಾಡಿದರೆ ಗಿಟಾರ್ ಬಾವಿಯೊಳಗೆ ಬಿದ್ದ ಹಾಗೆ ಬುಳುಬುಳು ಎನ್ನುತ್ತದೆ.

ಇವತ್ತು ಮಧ್ಯಾಹ್ನ ಎರಡೂವರೆಗೆ, ಊರು ಉಂಡು ಮಲಗಿದ ಹೊತ್ತಿನಲ್ಲಿ, ಹೊಸ ಉಪಾಯ ಆಯಿತು. ಕೆಲಸ ಕೊಟ್ಟರೆ ಬಾಯಿ ಸುಮ್ಮನಿರುತ್ತದೆಂದು ಸ್ಟಾಪ್ ಬಟನ್ ಒತ್ತುವ ಜವಾಬ್ದಾರಿ ಮಾವನಿಗೇ. ಕೊನೆಯ ಕಾರ್ಡ್ ಆದ ಮೇಲೆ ಹತ್ತು ಎಣಿಸಿ ಒತ್ತಬೇಕು, ಅಷ್ಟೆ. ಫೈಲ್ ಈಗ ಎದುರಿಗೆ ಉಂಟು, ಹೆಡ್‌ಫೋನ್ ಕಿವಿಯಲ್ಲಿ ಉಂಟು. ಕಾರ್ಡ್ ಬಿದ್ದಿದೆ, ನಾದ ತೆರೆದಿದೆ. ಅದರ ಹಿಂದೆ, ಬಹಳ ಜಾಗ್ರತೆಯ ಪಿಸುದನಿಯಲ್ಲಿ, ತುಳುವಿನ ಎಣಿಕೆ: “ಒಂಜಿ... ರಡ್ಡ್... ಮೂಜಿ... ನಾಲ್...” ಪತ್ತ್ ಬರುವಾಗ ಸಿ ಸಿಕ್ಸ್-ನೈನ್ ಪೂರ್ತಿ ಸತ್ತಿದೆ. ಬಟನ್ನಿನ ಟಕ್ ಕೇಳುವುದಕ್ಕೆ ಮೊದಲು, ಖಾಲಿ ಕೋಣೆಯಲ್ಲಿ, ಮೈಕಿಗೆ ಬಾಯಿ ತಾಗಿಸಿದ ಹಾಗೆ ಹತ್ತಿರದಿಂದ: “ಆಯ್ತಾ?”