ಎರೆ ಮಣ್ಣಿನ ಮನೆಗೆ ರಾಫ್ಟ್ ಅಡಿಪಾಯ ಬೇಕೇ?

ಪರ: ಅಲುಗಿದರೂ ಮನೆ ಒಟ್ಟಾಗಿ ಅಲುಗಲಿ

ಧಾರವಾಡ, ಗದಗ, ವಿಜಯಪುರ ಜಿಲ್ಲೆಗಳ ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ನೀರು ಹೀರಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಮನೆಯಡಿ ಎಲ್ಲೆಡೆ ಒಂದೇ ಸಮನೆ ಉಬ್ಬಿದ್ದರೆ ತಕರಾರು ಇರುತ್ತಿರಲಿಲ್ಲ. ಆದರೆ ಬಚ್ಚಲಿನ ಮೂಲೆ ಸದಾ ಹಸಿಯಾಗಿದ್ದು ಪಡಸಾಲೆಯ ಮೂಲೆ ಒಣಗಿರುವುದರಿಂದ ಒಂದು ಕಾಲಂ ಏರುತ್ತದೆ, ಇನ್ನೊಂದು ಇಳಿಯುತ್ತದೆ, ನಡುವಿನ ಗೋಡೆ ಓರೆಯಾಗಿ ಸೀಳುತ್ತದೆ. ಬಿಡಿ ಫುಟಿಂಗ್‌ಗಳು, ಅಂದರೆ ಪ್ರತಿ ಕಾಲಂಗೂ ಬೇರೆಬೇರೆಯಾಗಿ ಹಾಕಿದ ಪಾದಗಳು, ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿರುವುದೇ ಇದಕ್ಕೆ ಮೂಲ. ಮೇಲೂ ಕೆಳಗೂ ಸರಳಿನ ಜಾಲವಿರುವ ಒಂದೇ ಕಾಂಕ್ರೀಟು ಹಾಸನ್ನು, ಅಂದರೆ ರಾಫ್ಟನ್ನು, ಮನೆಯಡಿ ಪೂರ್ತಿ ಹರಡಿದರೆ ಭಾರ ಹಂಚಿಹೋಗುತ್ತದೆ, ಕಾಲಂಗಳು ಒಟ್ಟಿಗೇ ಚಲಿಸುತ್ತವೆ. ಅಡಿಪಾಯಗಳ ಕುರಿತ ಭಾರತೀಯ ಮಾನಕ ಐಎಸ್ 1904 ಬಿಡಿ ಫುಟಿಂಗ್‌ಗಿಂತ ರಾಫ್ಟ್‌ಗೆ ಹೆಚ್ಚಿನ ಕುಸಿತವನ್ನು (ಭಾರಕ್ಕೆ ನೆಲದೊಳಗೆ ತುಸು ಇಳಿಯುವುದನ್ನು) ಅನುಮತಿಸಿರುವುದು ಈ ಕಾರಣಕ್ಕೇ.

ನವಲಗುಂದದಲ್ಲಿ ನಮ್ಮ ಸೋದರಮಾವ ಕಟ್ಟಿಸಿದ ಮನೆಗೆ ಬಿಡಿ ಫುಟಿಂಗ್‌ಗಳಿದ್ದವು. ಶ್ರಾವಣ ಬಂತೆಂದರೆ ಮುಂಬಾಗಿಲು ಮುಚ್ಚುತ್ತಿರಲಿಲ್ಲ. ಬಡಿಗ ಅದನ್ನು ಹೆರೆದು ಹೋದರೆ ಯುಗಾದಿಯ ಹೊತ್ತಿಗೆ ಅಡಿಯಲ್ಲಿ ಇಲಿ ನುಸುಳುವಷ್ಟು ಸಂದಿ ಬೀಳುತ್ತಿತ್ತು. ಗೌಂಡಿ ವರ್ಷವರ್ಷವೂ ಬಂದು ಬಿರುಕಿಗೆ ಸಿಮೆಂಟು ತುಂಬುತ್ತಿದ್ದ. ಅತ್ತೆ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು. ಬಿರುಕು ಕ್ಯಾಲೆಂಡರನ್ನೂ ಮೀರಿ ಬೆಳೆದಾಗ ಅಲ್ಲಿಗೆ ಕಪಾಟನ್ನು ಸರಿಸಿದರು. ಆ ಮನೆಗೆ ರಿಪೇರಿಗೆಂದು ಸುರಿದ ಹಣದಲ್ಲಿ ಎರಡು ರಾಫ್ಟ್ ಹಾಕಬಹುದಿತ್ತೆಂದು ಮಾವ ಇಂದಿಗೂ ಗೊಣಗುತ್ತಾರೆ.

ಖರ್ಚಿನ ಮಾತೆತ್ತುವವರು ಪಿಓಪಿ ಚಾವಣಿಗೆ, ಮಾರ್ಬಲ್ ನೆಲಕ್ಕೆ ಚೌಕಾಸಿ ಮಾಡುವುದನ್ನು ನಾನು ಕಂಡಿಲ್ಲ. ಇನ್ನು ಪೈಲ್ ಪಂಥದವರು, ಅಂದರೆ ನೆಲದಾಳಕ್ಕೆ ಇಳಿಸಿದ ಕಾಂಕ್ರೀಟು ಕಂಬಗಳ ಮೇಲೆ ಮನೆ ನಿಲ್ಲಿಸಬೇಕೆನ್ನುವವರು, ಮೂರೂವರೆ ಮೀಟರ್ ಆಳದ ಕುಳಿಯಲ್ಲಿ ಕಂಬದ ಬುಡದ ಅಗಲವಾದ ಗಡ್ಡೆ ಸರಿಯಾಗಿ ಮೂಡಿದೆಯೆಂದು ನಂಬಿಸುತ್ತಾರೆ; ಇಳಿದು ನೋಡಿದವರಾರು?

ವಿರೋಧ: ಉಬ್ಬುವ ಪದರದ ಮೇಲೆಯೇ ಹಾಸೇಕೆ?

ನನಗೆ ವಹಿಸಿದ್ದು ವಿರೋಧದ ಪಾಲು. ನೆಲಮಾಳಿಗೆಯುಳ್ಳ ಬಹುಮಹಡಿ ಕಟ್ಟಡಕ್ಕೂ, ಫುಟಿಂಗ್‌ಗಳೇ ಕಟ್ಟಡದ ಅರ್ಧಕ್ಕಿಂತ ಹೆಚ್ಚು ನೆಲವನ್ನು ಆಕ್ರಮಿಸುವಲ್ಲಿಯೂ ರಾಫ್ಟ್ ತಕ್ಕದ್ದೆಂದು ನಾನೂ ಒಪ್ಪುವುದರಿಂದ ನನ್ನ ವಾದ ಒಂದಂತಸ್ತಿನ ಮನೆಗಷ್ಟೇ ಸಲ್ಲುತ್ತದೆ.

ಅಂಥ ಮನೆ ಹಗುರ. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅದಕ್ಕಿಲ್ಲ. ರಾಫ್ಟ್ ಕೂರುವುದು ಋತುಋತುವಿಗೆ ಅಲುಗುವ ಮೇಲ್ಪದರದಲ್ಲಿಯೇ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಆ ಪದರವನ್ನು ದಾಟಿ ಇಳಿದು, ಕಂಬದ ಸುಮಾರು ಎರಡೂವರೆ ಪಟ್ಟು ಅಗಲದ ಗಡ್ಡೆಯಿಂದ ಕೆಳಗಿನ ಮಣ್ಣನ್ನು ಕಚ್ಚಿಕೊಳ್ಳುತ್ತದೆ. ಐಎಸ್ 2911ರ ಮೂರನೆಯ ಭಾಗ ಇದಕ್ಕೇ ಮೀಸಲಾಗಿದೆ. ಬಿರುಕು ಬಿಟ್ಟ ಹಳೆಯ ಮನೆಗಳ ಕಥೆ ರಾಫ್ಟ್ ಪರರಿಗೆ ಬಲು ಪ್ರಿಯ. ಅವುಗಳಲ್ಲಿ ಎಷ್ಟಕ್ಕೆ ಕಾಲಂಗಳನ್ನು ನೆಲಮಟ್ಟದಲ್ಲಿ ಒಂದಕ್ಕೊಂದು ಬಿಗಿಯುವ ಕಾಂಕ್ರೀಟು ತೊಲೆ, ಪ್ಲಿಂತ್ ಬೀಮ್, ಇತ್ತೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

30×40 ಅಡಿಯ ಮನೆಯಡಿ ಒಂದು ಅಡಿ ದಪ್ಪದ ರಾಫ್ಟ್‌ಗೆ ಸುಮಾರು 34 ಘನ ಮೀಟರ್ ಕಾಂಕ್ರೀಟು ಬೇಕು, ಸರಳಿನ ಲೆಕ್ಕ ಬೇರೆ. ಅದರಡಿ ಹಾಯ್ದ ಚರಂಡಿ ಕೊಳವೆ ಸೋರತೊಡಗಿದರೆ ಹಾಸಿನ ನಡುವೆಯೇ ಮಣ್ಣು ಉಬ್ಬುತ್ತದೆ, ಕೊಳವೆಯನ್ನು ಸರಿಪಡಿಸಲು ಆ ಒಂದು ಅಡಿ ಕಾಂಕ್ರೀಟನ್ನು ಸರಳುಸಮೇತ ಒಡೆಯಬೇಕಾಗುತ್ತದೆ.